ದಕ್ಷಿಣಕ್ಕೆ ಮುಖ ಮಾಡಿದ ಜೋಡಿ ಸಮಾಧಿ

ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೊಸ ಯೋಚನೆ ಹೊಳೆಯಬಾರದು. ಹೊಳೆದರೂ ಎರಡು ದಿನ ಸುಮ್ಮನೆ ಮಲಗಿದರೆ ಅದು ಜ್ವರದ ಹಾಗೆ ತಾನಾಗಿ ಇಳಿಯುತ್ತದೆ. ಬೊನಿಫಾಸ್ ಮಥಾಯಸರು ಮಲಗಲಿಲ್ಲ. ಯೋಚನೆ ಹೊಳೆದ ದಿನವೇ ಕೋಟು ಹಾಕಿಕೊಂಡು ನಗರಸಭೆಗೆ ಹೋಗಿ, ನಾಲ್ಕು ಕಡೆ ರುಜು ಹಾಕಿ, ಮದುವೆಯ ವಾರ್ಷಿಕೋತ್ಸವಕ್ಕೆ ಹೆಂಡತಿಗೆ ಕೊಡಲೆಂದು ಒಂದು ಸಮಾಧಿ ತೆಗೆದುಕೊಂಡು ಬಂದರು.

ಒಂಟಿಯಲ್ಲ, ಜೋಡಿ ಸಮಾಧಿ. ಗುಡ್ಡದ ಇಳಿಜಾರಿನಲ್ಲಿ ದಕ್ಷಿಣಾಭಿಮುಖವಾದದ್ದು. (ನಮ್ಮಲ್ಲಿ ದಕ್ಷಿಣ ಅಂದರೆ ಯಮನ ದಿಕ್ಕೆಂದು ಕಾಲು ಚಾಚುವುದಕ್ಕೂ ಹೆದರುತ್ತಾರೆ. ಜರ್ಮನಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಮನೆಗೆ ಬೇಡಿಕೆ ಜಾಸ್ತಿ. ಯಮನಿದ್ದರೆ ಇರಲಿ, ಬಿಸಿಲು ಬರುತ್ತದಲ್ಲ!) ಹತ್ತು ಹೆಜ್ಜೆಗೆ ನೀರಿನ ನಲ್ಲಿ, ಗೇಟಿನೆದುರೇ ಬಸ್ ಸ್ಟಾಪು, ಕೆಳಗೆ ನೆಕರ್ ನದಿ, ಆಚೆ ದಡದಲ್ಲಿ ದ್ರಾಕ್ಷಿ ತೋಟ. ಬದುಕಿರುವವರಿಗೆ ಇಂಥ ಜಾಗದಲ್ಲಿ ಮನೆ ಸಿಗಬೇಕಾದರೆ ಅಜ್ಜನ ಕಾಲದ ಆಸ್ತಿ ಇರಬೇಕು. ಬೊನಿಫಾಸರು ಗೇರ್ ಫ್ಯಾಕ್ಟರಿಯಿಂದ ನಿವೃತ್ತರಾದ ಮನುಷ್ಯ, ರೈಲು ಹಳಿಯ ಪಕ್ಕದ ಮೂರನೇ ಮಹಡಿಯಲ್ಲಿ ಉತ್ತರಕ್ಕೆ ಮುಖ ಮಾಡಿಕೊಂಡು ಬಾಳಿದವರು. ನಗರಸಭೆಯ ವಾರಪತ್ರಿಕೆಯಲ್ಲಿ ‘ಬದುಕಿರುವವರೂ ಮುಂಚಿತವಾಗಿ ಕಾದಿರಿಸಬಹುದು’ ಎಂಬ ಪ್ರಕಟಣೆ ಓದಿದಾಗ ಅವರಿಗೆ ಇಷ್ಟು ವರ್ಷದ ಸೇಡು ತೀರಿದ ಹಾಗಾಯಿತು.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಎಮಿಲ್ಡಾಬಾಯಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ರಾತ್ರಿಪಾಳಿ, ಬೊನಿಫಾಸರಿಗೆ ಫ್ಯಾಕ್ಟರಿಯಲ್ಲಿ ಹಗಲುಪಾಳಿ. ಒಬ್ಬರು ಎದ್ದ ಹಾಸಿಗೆಗೆ ಇನ್ನೊಬ್ಬರು ಬಂದು ಬೀಳುತ್ತಿದ್ದರು. ಹಾಸಿಗೆ ಯಾವಾಗಲೂ ಬೆಚ್ಚಗಿರುತ್ತಿತ್ತು, ಆದರೆ ಪಕ್ಕದಲ್ಲಿ ಜನ ಇರುತ್ತಿರಲಿಲ್ಲ. ಮಕ್ಕಳಾಗಲಿಲ್ಲ. (ಹೇಗೆ ಆಗಬೇಕು, ಬಾಗಿಲಲ್ಲಿ ಬೀಗದ ಕೈ ಬದಲಾಯಿಸಿಕೊಂಡ ಮಾತ್ರಕ್ಕೆ ಮಕ್ಕಳಾಗುವುದಿಲ್ಲ.) ಬದುಕಿದ್ದಾಗ ಸಿಗದ ಭಾಗ್ಯ ಸತ್ತ ಮೇಲಾದರೂ ಸಿಗಲಿ, ಇಬ್ಬರೂ ಒಂದೇ ಪಾಳಿಯಲ್ಲಿ ಅಕ್ಕಪಕ್ಕ ಮಲಗಿರೋಣ ಎಂಬುದು ಅವರ ಆಸೆ. ಅರವತ್ತಾರು ವರ್ಷದ ಗಂಡಸು ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅದಕ್ಕೇ ಜಾಗ ಕೊಂಡರು.

ಜೂನ್ ತಿಂಗಳ ಶನಿವಾರ ಬೆಳಿಗ್ಗೆ, “ಒಳ್ಳೆ ಸೀರೆ ಉಡು ಮಾರಾಯ್ತಿ, ಒಂದು ಕಡೆ ಹೋಗ್ಲಿಕ್ಕುಂಟು,” ಎಂದರು. ಎಮಿಲ್ಡಾಬಾಯಿ ರೇಷ್ಮೆ ಸೀರೆ ಉಟ್ಟು ಅದರ ಮೇಲೆ ಮಳೆ ಕೋಟು ಹಾಕಿಕೊಂಡರು. ಗೆಳತಿ ಸೆವ್ರಿನ್ ಕೂಡ ಹೊರಟಳು. ವಾರ್ಷಿಕೋತ್ಸವ ಇಬ್ಬರದ್ದೇ, ಆದರೆ ಸೆವ್ರಿನ್ ಇಲ್ಲದೆ ಆ ಮನೆಯಲ್ಲಿ ಒಂದು ಸಂಭ್ರಮವೂ ಆಗಿದ್ದಿಲ್ಲ. ಹತ್ತೊಂಬತ್ತರ ಪ್ರಾಯದಲ್ಲಿ ಎಮಿಲ್ಡಾಬಾಯಿಯ ಜೊತೆ ಒಂದೇ ವಿಮಾನದಲ್ಲಿ, ಕಾನ್ವೆಂಟಿನ ಸಿಸ್ಟರ್‌ಗಳ ಬೆನ್ನ ಹಿಂದೆ, ಮಂಗಳೂರಿನಿಂದ ನರ್ಸ್ ತರಬೇತಿಗೆ ಬಂದವಳು ಅವಳು. ಮದುವೆ ಮಾಡಿಕೊಳ್ಳಲಿಲ್ಲ. ಎರಡು ಬೀದಿ ಆಚೆ ಒಂದು ಕೋಣೆಯ ಮನೆ. ಮೂವತ್ತೈದು ವರ್ಷ ತಪ್ಪದೆ ಭಾನುವಾರ ಹನ್ನೆರಡೂವರೆಗೆ ಬಂದು, ಬೊನಿಫಾಸರು ಮಾಡಿದ, ಇಡ್ಲಿಯಂಥ ಸನ್ನ ಮತ್ತು ಹಂದಿಮಾಂಸದ ಖಾರದ ಸಾರು ಬಫಾತು ಉಂಡು, “ಉಪ್ಪು ಮುಂದಾಯ್ತು ಬಾವಾ,” ಎಂದು ಹೇಳಿ, ಮಿಕ್ಕದ್ದನ್ನು ಡಬ್ಬಿಗೆ ತುಂಬಿಕೊಂಡು ಹೋಗುತ್ತಿದ್ದಳು.

“ದೋಣಿಯಲ್ಲಿ ಊಟ ಇರ್ಬೇಕು,” ಎಂದು ಎಮಿಲ್ಡಾಬಾಯಿ ಬಸ್ಸಿನಲ್ಲಿ ಪಿಸುಗುಟ್ಟಿದರು.

“ಬಾವನ ಕೈಯಿಂದ ದೋಣಿಯಾ? ಕಾಫಿ ಮತ್ತು ಒಂದು ತುಂಡು ಕೇಕು. ಅದೂ ನಾವೇ ಆರಿಸ್ಲಿಕ್ಕಿಲ್ಲ,” ಎಂದಳು ಸೆವ್ರಿನ್.

ಬಸ್ಸು ಸ್ಮಶಾನದ ಗೇಟಿನ ಮುಂದೆ ನಿಂತಿತು. ಬೊನಿಫಾಸರು ಇಳಿದರು.

“ಯಾರು ಸತ್ತದ್ದು?” ಎಂದರು ಎಮಿಲ್ಡಾಬಾಯಿ ಗಾಬರಿಯಿಂದ.

“ಯಾರೂ ಸಾಯ್ಲಿಲ್ಲ. ಬಾ.”

“ಯಾರೂ ಸಾಯದೆ ಸಿಮಿತ್ರಿಗೆ ಯಾರಾದ್ರೂ ಹೋಗ್ತಾರಾ? ಅದೂ ರೇಷ್ಮೆ ಸೀರೆ ಉಟ್ಟು?”

ಬೊನಿಫಾಸರು ಅವರಿಬ್ಬರನ್ನೂ ಏರುದಾರಿಯಲ್ಲಿ ನಡೆಸಿಕೊಂಡು ಹೋಗಿ, ನಂಬರು ಬರೆದ ಗೂಟ ನೆಟ್ಟಿದ್ದ ಒಂದು ಹುಲ್ಲಿನ ಚೌಕದ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಕೈ ಬೀಸಿ ತೋರಿಸಿದರು. “ಎಮಿಲ್ಡಾ, ಇದು ನಮ್ಮದು.”

“ಎಂತ ನಮ್ಮದು?”

“ಜಾಗ. ನೀನು ಈ ಕಡೆ, ನಾನು ಆ ಕಡೆ. ಹೊಳೆ ಕಾಣುವ ಬದಿ ನಿನಗೆ.”

ಸೆವ್ರಿನ್ ನಗಲು ಶುರುಮಾಡಿದಳು. ಪಕ್ಕದ ಸಮಾಧಿಯ ಕಲ್ಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಅಯ್ಯೋ ಬಾವಾ! ಬೇರೆ ಗಂಡಂದಿರು ಹೆಂಡತಿಗೆ ಸರ ಕೊಡ್ತಾರೆ, ಬಳೆ ಕೊಡ್ತಾರೆ. ನೀವು ಹೊಂಡ ಕೊಟ್ರಲ್ಲ!”

ಎಮಿಲ್ಡಾಬಾಯಿ ನಗಲಿಲ್ಲ. “ನನ್ನನ್ನು ಕೇಳಿದ್ದೀರಾ ನೀವು?”

“ಕೇಳಿದ್ರೆ ಅಚ್ಚರಿ ಎಲ್ಲಿ ಉಳೀತದೆ?”

“ನಾನು ಇಲ್ಲಿ ಮಲಗುದಿಲ್ಲ. ಈ ದೇಶಕ್ಕೆ ಬಂದ ದಿನದಿಂದ ನನ್ನ ಕಾಲು ಒಂದು ದಿನ ಬೆಚ್ಚಗಾದದ್ದಿಲ್ಲ. ಸತ್ತ ಮೇಲೂ ಈ ಥಂಡಿಯಲ್ಲಿ ಬಿದ್ದಿರ್ಲಿಕ್ಕೆ ನನ್ನಿಂದಾಗುದಿಲ್ಲ. ನನ್ನನ್ನು ಊರಿಗೆ ಕೊಂಡುಹೋಗಿ ಅಮ್ಮನ ಹತ್ತಿರ ಇಡಿ. ಎಷ್ಟು ಸಲ ಹೇಳಿದ್ದೇನೆ!”

“ಅಲ್ಲಿ ಒಬ್ಬರಿಗೆ ಮಾತ್ರ ಜಾಗ ಉಂಟಲ್ಲ?”

“ಒಬ್ಬರಿಗೆ ಮಾತ್ರ ಅಂತ ನನಗೂ ಗೊತ್ತುಂಟು,” ಎಂದು ಹೇಳಿ ಎಮಿಲ್ಡಾಬಾಯಿ ಬಸ್ ಸ್ಟಾಪಿಗೆ ಇಳಿದೇಬಿಟ್ಟರು.

ಆ ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ಬೊನಿಫಾಸರು ಮದುವೆಯಾಗಿ ಜರ್ಮನಿಗೆ ಬಂದದ್ದು ಹೆಂಡತಿಯ ಬೆನ್ನಿಗೆ ಕಟ್ಟಿಕೊಂಡ ಗಂಟಾಗಿ. ಮೊದಲ ಮೂರು ವರ್ಷ ಅವರಿಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಹೆಂಡತಿ ದುಡಿಯುತ್ತಿದ್ದರು, ಇವರು ಅಡುಗೆ ಮಾಡಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಆಮೇಲೆ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗುವ ತನಕ ಏರಿದರೂ ಅತ್ತೆಯ ಕಣ್ಣಿಗೆ ಅದು ಬೀಳಲೇ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗೆಲ್ಲ, ನೆಂಟರೆಲ್ಲ ಕೂತಿರುವಾಗಲೇ, “ಬೊನೀ, ಕೆಲಸ ಸಿಕ್ಕಿತಾ ಮಗಾ?” ಎಂದು ಕೇಳುತ್ತಿದ್ದರು. ತೊಂಬತ್ತನಾಲ್ಕನೇ ವಯಸ್ಸಿನಲ್ಲಿ ಪ್ರಾಣ ಬಿಡುವ ಹಿಂದಿನ ವಾರವೂ ಫೋನಿನಲ್ಲಿ ಅದನ್ನೇ ಕೇಳಿದರಂತೆ.

ಹೀಗೆ ಕಾಣಿಕೆ ತಿರಸ್ಕೃತವಾಯಿತು, ಆದರೆ ನಗರಸಭೆ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಇಲ್ಲಿ ಸಮಾಧಿ ಅಂದರೆ ಶಾಶ್ವತ ನಿದ್ರೆಯ ತಾಣ ಅಂತ ಯಾರೂ ಭ್ರಮೆಪಡಬಾರದು. ಅದು ಬಾಡಿಗೆ ಮನೆ. ಇಪ್ಪತ್ತೈದು ವರ್ಷದ ಕರಾರು, ಶುರುವಾಗುವುದು ಸತ್ತ ದಿನದಿಂದಲ್ಲ, ರುಜು ಹಾಕಿದ ದಿನದಿಂದ. ಇದು ಬೊನಿಫಾಸರಿಗೆ ಅರ್ಥವಾದದ್ದು ಕಾಗದವನ್ನು ಮನೆಯಲ್ಲಿ ಕನ್ನಡಕ ಹಾಕಿ ಓದಿದ ಮೇಲೆ. ಆವತ್ತಿನಿಂದ ಅವರ ನೆಮ್ಮದಿ ಹೋಯಿತು. ರೂಮು ಕಾದಿರಿಸಿ ಹೋಗಿ ಮಲಗದೆ, ಹೊರಗೆ ಬೆಂಚಿನ ಮೇಲೆ ಕೂತವನ ಕಥೆಯಾಯಿತು ಅವರದು. ಬದುಕಿದ ಒಂದೊಂದು ದಿನವೂ ದಂಡ!

ಆಗಸ್ಟಿನಲ್ಲಿ ವಾರ್ಷಿಕ ತಪಾಸಣೆಗೆ ಹೋದರು. ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದದ್ದನ್ನು ನೋಡಿ ಒಲೆಯ ಮುಂದಿದ್ದ ಎಮಿಲ್ಡಾಬಾಯಿ ಸೌಟು ಹಿಡಿದೇ ತಿರುಗಿ ನಿಂತರು.

“ಎಂತ ಹೇಳಿದ್ರು ಡಾಕ್ಟರು? ಹೇಳಿ, ನಾನು ನರ್ಸು, ನನಗೆ ಹೆದರಿಕೆ ಇಲ್ಲ.”

“ನನ್ನ ಹೃದಯ ನಲವತ್ತರ ಪ್ರಾಯದವನ ಹಾಗೆ ಉಂಟಂತೆ.”

“ಮತ್ತೆ ಈ ಮುಖ ಯಾಕೆ?”

“ಹೀಗೇ ಆದ್ರೆ ಕರಾರು ಮುಗಿಯುವಾಗಲೂ ನಾನು ಇಲ್ಲಿಯೇ ಸೋಫಾದ ಮೇಲೆ ಕೂತಿರ್ತೇನೆ.”

ಎಮಿಲ್ಡಾಬಾಯಿ ಕೈಯಲ್ಲಿದ್ದ ಸೌಟನ್ನು ನೋಡಿದರು, ಗಂಡನನ್ನು ನೋಡಿದರು, ಆಮೇಲೆ ಸೌಟನ್ನು ಪಾತ್ರೆಗೇ ಹಾಕಿದರು.

ಕರಾರಿನಲ್ಲಿ ಇನ್ನೊಂದು ಷರತ್ತಿತ್ತು: ಜಾಗವನ್ನು ಸದಾ ಒಪ್ಪವಾಗಿ, ಹೂಗಿಡಗಳಿಂದ ಅಲಂಕರಿಸಿ ಇಟ್ಟುಕೊಳ್ಳಬೇಕು. ಒಳಗೆ ಜನ ಇರಲಿ ಇಲ್ಲದಿರಲಿ, ಕಳೆ ಬೆಳೆದರೆ ಗೂಟಕ್ಕೆ ಚೀಟಿ ಅಂಟಿಸಿ ಹೋಗುತ್ತಾರೆ. ಚೀಟಿ ಅಂಟಿತೆಂದರೆ ಮರ್ಯಾದೆ ಹೋಯಿತು. ಪಕ್ಕದ ಸಮಾಧಿ ಒಟ್ಟೊ ಕ್ನೆಡ್ಲರ್ ಎಂಬವರದ್ದು, ಅದರ ಉಸ್ತುವಾರಿ ಅವರ ವಿಧವೆ ಫ್ರಾವ್, ಅಂದರೆ ಶ್ರೀಮತಿ, ಕ್ನೆಡ್ಲರ್‌ಳದ್ದು. ಆಕೆ ದಿನಾ ಹತ್ತು ಗಂಟೆಗೆ ತನ್ನ ಸ್ವಂತ ನೀರಿನ ಝಾರಿ, ಮೂರು ನಮೂನೆಯ ಕತ್ತರಿ, ಮೊಣಕಾಲಿಗೆ ಇಡುವ ದಿಂಬು ಹಿಡಿದುಕೊಂಡು ಹಾಜರಾಗುತ್ತಿದ್ದಳು. ಒಟ್ಟೊನ ಮೇಲಿನ ಗಿಡಗಳನ್ನು ಆಕೆ ಕತ್ತರಿಸುತ್ತಿದ್ದ ಶಿಸ್ತು ನೋಡಿದರೆ, ಆತ ಬದುಕಿದ್ದಾಗ ತಲೆಗೂದಲು ಎಷ್ಟು ಚೊಕ್ಕ ಇಟ್ಟುಕೊಂಡಿದ್ದಿರಬೇಕೆಂದು ಗೊತ್ತಾಗುತ್ತಿತ್ತು.

ಬೊನಿಫಾಸರು ಯೋಚಿಸಿದರು. ಮುಂಚಿನ ಮನೆಗಳಲ್ಲಿ ಅಂಗೈಯಗಲ ಮಣ್ಣು ಕಂಡವರಲ್ಲ. ಈಗ ದಕ್ಷಿಣದ ಬಿಸಿಲು, ಪಕ್ಕದಲ್ಲೇ ನೀರು, ಕಪ್ಪು ಮಣ್ಣು. ಇಂಥ ಫಲವತ್ತಾದ ಭೂಮಿಯಲ್ಲಿ ತಿನ್ನಲಾಗದ ಹೂ ಬೆಳೆಸುವುದು ದೇವರಿಗೆ ಮೆಚ್ಚುಗೆಯಾ? ತನ್ನ ಕಡೆಯ ಜಾಗದಲ್ಲಿ ಕೊತ್ತಂಬರಿ ಬಿತ್ತಿದರು. ಹೆಂಡತಿಯ ಕಡೆ ಹರಿವೆ. ಗೂಟಕ್ಕೆ ಬಸಳೆ ಬಳ್ಳಿ ಹಬ್ಬಿಸಿದರು. ಸೆಪ್ಟೆಂಬರಿನ ಹೊತ್ತಿಗೆ ಬಸಳೆ ಒಟ್ಟೊನ ಕಲ್ಲಿನ ಶಿಲುಬೆಯ ಒಂದು ತೋಳನ್ನು ತಬ್ಬಿಕೊಂಡಿತ್ತು.

“ಬಾವಾ, ಇವತ್ತು ಕೊತ್ತಂಬರಿಗೆ ಊರಿನ ಪರಿಮಳ ಉಂಟು ನೋಡಿ,” ಎಂದಳು ಸೆವ್ರಿನ್ ಒಂದು ಭಾನುವಾರ, ಎರಡನೇ ಸಲ ಬಡಿಸಿಕೊಳ್ಳುತ್ತಾ. “ಯಾವ ಅಂಗಡಿಯದ್ದು?”

ಮೂವತ್ತೈದು ವರ್ಷದಲ್ಲಿ ಮೊದಲ ಹೊಗಳಿಕೆ. ಬೊನಿಫಾಸರು ಉಬ್ಬಿಹೋಗಿ ನಿಜ ಹೇಳಿಬಿಟ್ಟರು.

ಎಮಿಲ್ಡಾಬಾಯಿ ಬಾಯಲ್ಲಿದ್ದದ್ದನ್ನು ಕರವಸ್ತ್ರಕ್ಕೆ ಉಗಿದು, “ಯೇಸುವೇ!” ಎಂದು ಎದ್ದುಹೋದರು. ಸೆವ್ರಿನ್ ಮಾತ್ರ ಅಗಿಯುವುದನ್ನು ನಿಲ್ಲಿಸಲಿಲ್ಲ. “ಒಳಗೆ ಇನ್ನೂ ಯಾರೂ ಇಲ್ಲವಲ್ಲ, ತಿಂದ್ರೆ ತೊಂದರೆ ಇಲ್ಲ,” ಎಂದಳು. “ಬರುವ ವರ್ಷ ನಾನು ಊರಿಗೆ ಹೋಗುವಾಗ ಇದರ ಬೀಜ ಕೊಡಿ. ನನ್ನ ತಮ್ಮ ಅಲ್ಲಿ ಮಹಡಿ ಮೇಲೆ ನನಗೊಂದು ಕೋಣೆ ಕಟ್ಟಿಸಿದ್ದಾನೆ, ಚಟ್ಟಿಯಲ್ಲಿ ಹಾಕ್ತೇನೆ.” (ಬರುವ ವರ್ಷ ಊರಿಗೆ ಹೋಗುತ್ತೇನೆ ಎಂದು ಅವಳು ಹದಿನೈದು ವರ್ಷದಿಂದ ಹೇಳುತ್ತಿದ್ದಳು.)

ಆ ವಾರವೇ ನಗರಸಭೆಯಿಂದ ಕಾಗದ ಬಂತು: ಸಮಾಧಿಯ ಮೇಲೆ ತರಕಾರಿ ಕೃಷಿ ನಿಷಿದ್ಧ, ನೆರೆಯ ಮೃತರಿಗೆ ಉಪದ್ರವವಾಗುತ್ತಿರುವುದಾಗಿ ದೂರು ಬಂದಿದೆ. ಬೊನಿಫಾಸರು ಫ್ರಾವ್ ಕ್ನೆಡ್ಲರ್ ನೋಡುತ್ತಿದ್ದಂತೆಯೇ ಹರಿವೆ, ಕೊತ್ತಂಬರಿ, ಬಸಳೆಯನ್ನೆಲ್ಲ ಕಿತ್ತು, ಆಕೆ ಬೆರಳು ತೋರಿಸಿದ ಬಣ್ಣದ ಹೂಗಿಡಗಳನ್ನು, ಆಕೆ ಹೇಳಿದಷ್ಟೇ ಅಂತರದಲ್ಲಿ ನೆಟ್ಟರು. ಮನೆಯಲ್ಲಿ ಒಬ್ಬರ ಮಾತು ಕೇಳಿ ಅಭ್ಯಾಸ ಇದ್ದವರಿಗೆ ಸ್ಮಶಾನದಲ್ಲಿ ಇನ್ನೊಬ್ಬರದ್ದು ಕೇಳುವುದೇನೂ ಕಷ್ಟವಲ್ಲ.

ನವೆಂಬರ್ ಬಂತು. ಈ ದೇಶದ ನವೆಂಬರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಧ್ಯಾಹ್ನವೇ ದೀಪ ಹಾಕಿ ಉಣ್ಣಬೇಕು. ಎರಡನೇ ಭಾನುವಾರ ಹನ್ನೆರಡೂವರೆಯಾಯಿತು, ಒಂದಾಯಿತು, ಸೆವ್ರಿನ್ ಬರಲಿಲ್ಲ. ಫೋನು ರಿಂಗಾಗಿ ರಿಂಗಾಗಿ ನಿಂತಿತು.

“ಬಸ್ಸು ತಪ್ಪಿರ್ಬೇಕು,” ಎಂದರು ಬೊನಿಫಾಸರು.

“ಎರಡು ಬೀದಿಗೆ ಯಾವ ಬಸ್ಸು?” ಎಂದು ಎಮಿಲ್ಡಾಬಾಯಿ ಆಗಲೇ ಕೋಟಿಗೆ ಕೈ ತೂರಿಸುತ್ತಿದ್ದರು. ಸೆವ್ರಿನ್ ಮನೆಯ ಇನ್ನೊಂದು ಬೀಗದ ಕೈ ಯಾವಾಗಲೂ ಅವರ ಹತ್ತಿರವೇ ಇರುತ್ತಿತ್ತು.

ಸೆವ್ರಿನ್ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ಕೋಟಿನ ಗುಂಡಿ ಹಾಕಿ ಆಗಿತ್ತು. ಒಂದು ಕಾಲಿಗೆ ಬೂಟು ಹಾಕಿಯಾಗಿತ್ತು, ಇನ್ನೊಂದು ಬೂಟು ಪಕ್ಕದಲ್ಲಿ ಬಿದ್ದಿತ್ತು. ತೊಡೆಯ ಮೇಲೆ ಚೀಲ, ಚೀಲದಲ್ಲಿ ಮಿಕ್ಕ ಬಫಾತು ಕೊಂಡುಹೋಗುವ ಖಾಲಿ ಡಬ್ಬಿ.

ಎಮಿಲ್ಡಾಬಾಯಿ ಕುತ್ತಿಗೆಗೆ ಎರಡು ಬೆರಳಿಟ್ಟರು. ಕೈಗಡಿಯಾರ ನೋಡಿದರು. “ಒಂದೂ ಇಪ್ಪತ್ತು,” ಎಂದು ಗಟ್ಟಿಯಾಗಿ ಹೇಳಿದರು. ಆಸ್ಪತ್ರೆಯ ಅಭ್ಯಾಸ. ಅಲ್ಲಿ ಬರೆದುಕೊಳ್ಳುವವರು ಯಾರೂ ಇರಲಿಲ್ಲ. ಆಮೇಲೆ ನೆಲದ ಮೇಲೆ ಕೂತು, ಆ ಬಿದ್ದಿದ್ದ ಬೂಟನ್ನು ಎತ್ತಿ, ಸೆವ್ರಿನ್‌ಳ ಕಾಲಿಗೆ ಹಾಕಿ, ಲಾಡಿ ಕಟ್ಟಿದರು. ಬೊನಿಫಾಸರಿಗೆ ಏನು ಮಾಡಬೇಕೋ ತೋಚಲಿಲ್ಲ. ಚೀಲದಿಂದ ಡಬ್ಬಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಈ ಹೆಂಗಸು ತನ್ನ ಉಪ್ಪಿನ ಮೇಲೆ ಹೇಳಿದ ಮಾತುಗಳಿಗೆಲ್ಲ ಒಂದಲ್ಲ ಒಂದು ದಿನ ಸರಿಯಾದ ಉತ್ತರ ಕೊಡಬೇಕೆಂದು ಅವರು ಮೂವತ್ತೈದು ವರ್ಷದಿಂದ ಕಾದಿದ್ದರು.

ಮಂಗಳೂರಿಗೆ ಫೋನು ಮಾಡಿದರು. ಅವಳ ತಮ್ಮ ಅತ್ತ. ನಿಜವಾಗಿಯೂ ಅತ್ತ, ಸುಳ್ಳು ಹೇಳಬಾರದು. ಆಮೇಲೆ ಮೂಗು ಸೀಟಿ ಹೇಳಿದ: “ಎಮಿಲ್ಡಕ್ಕಾ, ಬಾಡಿ ಇಲ್ಲಿಗೆ ತಂದು ಎಂತ ಮಾಡುದು? ಅಕ್ಕನನ್ನು ಇಲ್ಲಿ ಈಗ ಯಾರಿಗೆ ಗುರ್ತ ಉಂಟು? ಅವಳು ಅಲ್ಲಿಯವಳೇ ಆದಳಲ್ಲ. ಅಲ್ಲಿಯೇ ಮುಗಿಸಿಬಿಡಿ. ನಾವು ಇಲ್ಲಿ ಪೂಜೆ ಇಡಿಸ್ತೇವೆ.”

“ಅವಳಿಗೆ ಅಂತ ಕೋಣೆ ಕಟ್ಟಿಸಿದ್ಯಲ್ಲ?”

“ಅದರಲ್ಲಿ ಮಗನ ಸಂಸಾರ ಉಂಟಕ್ಕಾ, ಏಳು ವರ್ಷ ಆಯ್ತು.”

ಎಮಿಲ್ಡಾಬಾಯಿ ಫೋನು ಇಟ್ಟರು. ಸೆವ್ರಿನ್‌ಗೆ ಈ ವಿಷಯ ಗೊತ್ತಿತ್ತೋ ಇಲ್ಲವೋ ಎಂದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದೇ ‘ಬರುವ ವರ್ಷ’ ಅನ್ನುತ್ತಿದ್ದಳೋ ಏನೋ.

ಮರುದಿನ ಗಂಡ ಹೆಂಡತಿ ನಗರಸಭೆಗೆ ಹೋದರು. ಸ್ಮಶಾನ ವಿಭಾಗದ ಕ್ಲೈಬರ್ ಎಂಬ ಅಧಿಕಾರಿ, ಬೊನಿಫಾಸರಿಗೆ ಜೋಡಿ ಜಾಗ ಬರೆದುಕೊಟ್ಟವನೇ ಆತ, ಸಣ್ಣ ದನಿಯಲ್ಲಿ ವಿವರಿಸಿದ. ರಕ್ತಸಂಬಂಧಿಕರು ಜವಾಬ್ದಾರಿ ತೆಗೆದುಕೊಳ್ಳದಿದ್ದರೆ ನಗರಸಭೆಯೇ ನೋಡಿಕೊಳ್ಳುತ್ತದೆ. ದಹನ ಮಾಡಿ ಬೂದಿಯನ್ನು ಮೇಲ್ಗಡೆಯ ಹುಲ್ಲುಹಾಸಿನಲ್ಲಿ ಹುಗಿಯುತ್ತದೆ. ಕಲ್ಲಿಲ್ಲ, ಹೆಸರಿಲ್ಲ, ಎಲ್ಲಿ ಹುಗಿದದ್ದೆಂದು ಗುರುತೂ ಇಲ್ಲ. ನಿರ್ವಹಣೆ ಸುಲಭ.

“ಹೆಸರಿಲ್ಲದೆಯಾ?” ಎಂದರು ಎಮಿಲ್ಡಾಬಾಯಿ. “ಅವಳು ಈ ಊರಿನಲ್ಲಿ ಎಷ್ಟು ಜನರ ಹೆಸರು ಬರೆದು ಕೈಗೆ ಕಟ್ಟಿದ್ದಾಳೆ ಗೊತ್ತುಂಟಾ ನಿಮಗೆ? ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ! ನಿಮ್ಮ ಕೈಗೂ ಕಟ್ಟಿರಬಹುದು ಅವಳು!”

ಕ್ಲೈಬರ್ ತನ್ನ ಮಣಿಕಟ್ಟನ್ನು ನೋಡಿಕೊಂಡ.

“ನಮ್ಮ ಹತ್ತಿರ ಜಾಗ ಉಂಟು,” ಎಂದರು ಎಮಿಲ್ಡಾಬಾಯಿ. ಹೇಳಿ ಗಂಡನ ಕಡೆ ತಿರುಗಿದರು. ಜೂನ್ ತಿಂಗಳಿಂದ ಅವರು ಆ ಜಾಗವನ್ನು ‘ನಿಮ್ಮ ಹೊಂಡ’ ಎಂದೇ ಕರೆಯುತ್ತಿದ್ದರು. ‘ನಮ್ಮ’ ಎಂದದ್ದು ಇದೇ ಮೊದಲು. ಆ ಒಂದು ಮಾತಿಗೆ ಬೊನಿಫಾಸರ ಜೀವ ಹೂವಾಯಿತು, ಮರುಕ್ಷಣವೇ ಬಾಡಿತು. ಒಂದು ಕಡೆ ಕೊಟ್ಟರೆ ಉಳಿಯುವುದು ಒಂದೇ. ಆದರೆ ಆ ಬೂಟಿನ ಲಾಡಿ ಕಟ್ಟಿದ ಕೈಯನ್ನು ಕಣ್ಣಾರೆ ನೋಡಿದ ಮೇಲೆ ಇಲ್ಲ ಎನ್ನುವ ಗಂಡಸು ಅವರಲ್ಲ.

“ಉಂಟು. ದಕ್ಷಿಣಕ್ಕೆ ಮುಖ,” ಎಂದರು.

ಶುಕ್ರವಾರ ಮಣ್ಣಾಯಿತು. ಆ ಹಳೆಯ ವಿಮಾನದಲ್ಲಿ ಬಂದ ಹದಿನೆಂಟು ಹುಡುಗಿಯರಲ್ಲಿ ಐವರು ಬಂದಿದ್ದರು, ಇಬ್ಬರು ಕೋಲು ಹಿಡಿದು, ಒಬ್ಬರು ಗಾಲಿಕುರ್ಚಿಯಲ್ಲಿ. ಕೊಂಕಣಿಯಲ್ಲಿ ಜಪಸರ ಹೇಳಿದರು. ಫ್ರಾವ್ ಕ್ನೆಡ್ಲರ್ ಕಪ್ಪು ಟೋಪಿ ಹಾಕಿ ಹೊಂಡದ ಅಂಚಿನಲ್ಲಿ ನಿಂತು, ಹಾರೆ ಹಿಡಿದವರು ಒಟ್ಟೊನ ಗಿಡದ ಮೇಲೆ ಮಣ್ಣು ಬೀಳಿಸದಂತೆ ಕಾವಲು ಕಾದಳು. ಆಮೇಲೆ ಬೊನಿಫಾಸರ ಕೈ ಹಿಡಿದು, “ಅಂತೂ ನನ್ನ ಒಟ್ಟೊಗೆ ನೆರೆಯವರು ಬಂದರು,” ಎಂದಳು. ಆಕೆಯ ಕಣ್ಣು ಒದ್ದೆಯಾಗಿತ್ತು. ಹೊಳೆ ಕಾಣುವ ಬದಿಯನ್ನೇ ಸೆವ್ರಿನ್‌ಗೆ ಕೊಟ್ಟರು.

ಏಳನೇ ದಿನದ ಪೂಜೆ ಮುಗಿಸಿ ಮನೆಗೆ ಬಂದು ಗಂಡ ಹೆಂಡತಿ ಊಟಕ್ಕೆ ಕೂತರು. ಮೂರನೇ ತಟ್ಟೆಯನ್ನು ಬೊನಿಫಾಸರು ಅಭ್ಯಾಸಬಲದಿಂದ ಇಟ್ಟಿದ್ದರು, ತೆಗೆಯುವ ಧೈರ್ಯ ಇಬ್ಬರಿಗೂ ಬರಲಿಲ್ಲ.

“ನಾನು ಯೋಚನೆ ಮಾಡಿದೆ,” ಎಂದರು ಎಮಿಲ್ಡಾಬಾಯಿ. “ನಾನು ಊರಿಗೆ ಹೋಗುದಿಲ್ಲ. ಸತ್ತ ಮೇಲೆ ಇಲ್ಲಿಯೇ ಇರ್ತೇನೆ.”

ಬೊನಿಫಾಸರ ಕೈಯಲ್ಲಿದ್ದ ಸನ್ನದ ತುಂಡು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. “ನಿಜವಾಗ್ಲೂ?”

“ಸೆವ್ರಿನ್‌ಳನ್ನು ಒಬ್ಬಳೇ ಬಿಟ್ಟು ಹೇಗೆ ಹೋಗುದು ಹೇಳಿ? ಆಚೆ ಬದಿ ಒಟ್ಟೊ, ಈಚೆ ಬದಿ ಖಾಲಿ. ಕೊಂಕಣಿಯಲ್ಲಿ ಒಂದು ಮಾತಾಡ್ಲಿಕ್ಕೆ ಜನ ಬೇಡ್ವಾ ಅವಳಿಗೆ?”

“ನಾನೂ ಅದನ್ನೇ ಹೇಳಿದ್ದಲ್ವಾ ಜೂನಿನಲ್ಲಿ! ಅಕ್ಕಪಕ್ಕ ಅಂತ!” ಎಂದರು ಬೊನಿಫಾಸರು. ಹೇಳುತ್ತಿದ್ದ ಹಾಗೆ ಲೆಕ್ಕ ತಲೆಗೆ ಹತ್ತಿತು. “ಎಮಿಲ್ಡಾ... ಅಲ್ಲಿ ಉಳಿದಿರುದು ಒಂದೇ ಜಾಗ.”

“ಹೌದಲ್ಲ.”

“ಮತ್ತೆ ನಾನು?”

“ನಿಮಗೆ ಊರಿನಲ್ಲಿ ಉಂಟಲ್ಲ,” ಎಂದರು ಎಮಿಲ್ಡಾಬಾಯಿ, ಸಾರು ಬಡಿಸುತ್ತಾ, ಏನೂ ವಿಶೇಷವಿಲ್ಲವೆಂಬಂತೆ. “ಅಮ್ಮನ ಹತ್ತಿರ. ಒಬ್ಬರಿಗೆ.”

ಬೊನಿಫಾಸರು ಊಟ ಬಿಟ್ಟು ಎದ್ದರು. ಅಂತಿಮ ತೀರ್ಪಿನ ದಿನದ ತನಕ, ಅಂದರೆ ಕೋಟ್ಯಂತರ ವರ್ಷ, ಆ ಅತ್ತೆಯ ಪಕ್ಕದಲ್ಲಿ! ಯಾವ ರಜೆಯೂ ಇಲ್ಲದೆ, ಹಿಂದೆ ಹೊರಡುವ ವಿಮಾನವಿಲ್ಲದೆ! ತುತ್ತೂರಿ ಊದಿ ಸತ್ತವರೆಲ್ಲ ಎದ್ದು ಕೂರುವ ಹೊತ್ತಿಗೂ ಆಯಮ್ಮ ಮೊದಲು ಕೇಳುವ ಪ್ರಶ್ನೆ ಯಾವುದೆಂದು ಅವರಿಗೆ ಗೊತ್ತಿತ್ತು.

ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ಅವರು ಕ್ಲೈಬರನ ಮೇಜಿನ ಮುಂದೆ ಕೂತಿದ್ದರು. ಎರಡು ಶವಪೆಟ್ಟಿಗೆಯ ಜಾಗದಲ್ಲಿ ಮೂರು ಹಿಡಿಸಲು ದಾರಿಯಿದೆಯೇ? ಕ್ಲೈಬರ್ ನಿಯಮಾವಳಿ ತಿರುವಿದ. ಪೆಟ್ಟಿಗೆ ಹಿಡಿಯುವುದಿಲ್ಲ. ಆದರೆ ದಹನ ಮಾಡಿಸಿಕೊಂಡರೆ, ಬೂದಿಯ ಕುಡಿಕೆಯನ್ನು ಮೇಲ್ಗಡೆ ಹುಗಿಯಬಹುದು, ಕಾಲಿನ ಬದಿಗೆ.

ಬೊನಿಫಾಸರಿಗೆ ಚಳಿ ಹತ್ತಿದ ಹಾಗಾಯಿತು. ಅವರ ಕುಟುಂಬದಲ್ಲಿ ಏಳು ತಲೆಮಾರಿನಿಂದ ಯಾರೂ ಬೂದಿಯಾದದ್ದಿಲ್ಲ. ಮಣ್ಣಿನಲ್ಲಿ ಎಲುಬುಗಳನ್ನು ಜೋಡಿಸಿಟ್ಟುಕೊಂಡು ಕಡೆಯ ದಿನಕ್ಕೆ ಕಾಯುವ ಮನೆತನ. ಆದರೂ ಒಂದು ಕಡೆ ಅತ್ತೆ, ಇನ್ನೊಂದು ಕಡೆ ಬೆಂಕಿ ಅಂದಾಗ ಅವರಿಗೆ ಬೆಂಕಿಯೇ ತಂಪಾಗಿ ಕಂಡಿತು.

“ಆಗ್ಲಿ, ಬರ್ಕೊಳ್ಳಿ,” ಎಂದರು.

“ಒಂದು ವಿಷಯ,” ಎಂದ ಕ್ಲೈಬರ್, ಪೆನ್ನು ಎತ್ತಿ. “ಕುಡಿಕೆ ಮೇಲ್ಗಡೆ ಬರಬೇಕಾದರೆ ಕೆಳಗಿನ ಎರಡು ಪೆಟ್ಟಿಗೆಗಳೂ ಮೊದಲೇ ಇಳಿದಿರಬೇಕು. ಒಮ್ಮೆ ಕುಡಿಕೆ ಹುಗಿದ ಮೇಲೆ ಅದನ್ನು ತೆಗೆದು ಮತ್ತೆ ಅಗೆಯಲು ನಿಯಮ ಬಿಡುವುದಿಲ್ಲ.”

“ಅಂದ್ರೆ?”

“ಅಂದರೆ ನಿಮ್ಮ ಪತ್ನಿ ಮೊದಲು. ನೀವು ನಂತರ. ನೀವು ಮುಂಚೆ ಹೋದರೆ ನಿಮ್ಮನ್ನು ಬೇರೆ ಕಡೆ ಇಡಬೇಕಾಗುತ್ತದೆ.”

ಬೊನಿಫಾಸರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಗಂಡಸರು ಮೊದಲು ಹೋಗುವುದು ಲೋಕರೂಢಿ. ಅದನ್ನು ನಂಬಿಕೊಂಡೇ ಅವರು ಇಷ್ಟು ಧೈರ್ಯವಾಗಿ ಸಮಾಧಿ ಕೊಂಡದ್ದು. ತಾನು ಮೊದಲು ಹೋಗುವುದು, ಹೆಂಡತಿ ಬಂದು ಗಿಡಕ್ಕೆ ನೀರು ಹಾಕುವುದು, ಸ್ವಲ್ಪ ಅಳುವುದು, ಆಮೇಲೆ ನಿಧಾನವಾಗಿ ಬಂದು ಪಕ್ಕದಲ್ಲಿ ಸೇರಿಕೊಳ್ಳುವುದು, ಇಷ್ಟೇ ಅವರ ಕನಸಿನಲ್ಲಿದ್ದದ್ದು. ಎಮಿಲ್ಡಾ ಇಲ್ಲದ ಮನೆ ಎಂಬುದು ಆ ಕನಸಿನಲ್ಲಿ ಎಲ್ಲಿಯೂ ಇರಲಿಲ್ಲ. ಹೆಂಡತಿ ತನಗಿಂತ ಮೂರು ವರ್ಷ ಚಿಕ್ಕವಳು. ಅವಳ ಅಮ್ಮ ತೊಂಬತ್ತನಾಲ್ಕು ಬಾಳಿದವಳು. ಅವಳಿಗೂ ಅಷ್ಟೇ ಆಯುಸ್ಸೆಂದರೆ, ಕರಾರನ್ನು ಇನ್ನೊಮ್ಮೆ ಬರೆಸಿಕೊಂಡು, ತಾನು ಕಡಿಮೆಯೆಂದರೂ ತೊಂಬತ್ತೇಳು ಮುಟ್ಟಬೇಕು. ಮುಟ್ಟಿ, ಅವಳನ್ನು ಕೈಯಾರೆ ಮಣ್ಣು ಮಾಡಬೇಕು. ಅವರು ಮೆಟ್ಟಿಲ ಮೇಲೆಯೇ ಕೂತು ಅತ್ತುಬಿಟ್ಟರು. ದಾರಿಹೋಕಳೊಬ್ಬಳು ಕಾಗದದ ಕರವಸ್ತ್ರ ಕೊಟ್ಟು ಹೋದಳು.

ಮನೆಗೆ ಬಂದು ಎಲ್ಲವನ್ನೂ ಹೇಳಿದರು. ಎಮಿಲ್ಡಾಬಾಯಿ ಇಸ್ತ್ರಿ ಮಾಡುತ್ತಿದ್ದವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿಸಿಕೊಂಡರು.

“ನನಗೋಸ್ಕರ ಬೂದಿ ಆಗ್ತೀರಾ?”

“ಆಗ್ತೇನೆ.”

“ಕಾಲಿನ ಬದಿಗೆ? ನಾವಿಬ್ಬರೂ ಮಾತಾಡುವಾಗ ಮಧ್ಯೆ ಬಾಯಿ ಹಾಕದೆ?”

“ಬೂದಿ ಎಂತ ಬಾಯಿ ಹಾಕ್ತದೆ ಮಾರಾಯ್ತಿ.”

ಎಮಿಲ್ಡಾಬಾಯಿ ಹತ್ತಿರ ಬಂದು, ಬಹಳ ವರ್ಷದ ಮೇಲೆ, ಗಂಡನ ಕೆನ್ನೆಗೆ ಅಂಗೈ ಇಟ್ಟರು. ಇಸ್ತ್ರಿಯ ಬಿಸಿಗೆ ಕೈ ಬೆಚ್ಚಗಿತ್ತು. “ಸೆವ್ರಿನ್ ಕೋಟು ಹಾಕಿ ಕೂತಿದ್ಳಲ್ಲ,” ಎಂದರು. “ಒಬ್ಬಳೇ. ಹಾಗೆ ಕೂತು ಸಾಯ್ಲಿಕ್ಕೆ ನನಗೆ ತುಂಬಾ ಹೆದರಿಕೆ. ಜಾಗದ ಮಾತು ಬಿಡಿ. ನೀವು ನನ್ನ ನಂತರವೇ ಹೋಗ್ಬೇಕು. ನಾನು ಹೋಗುವಾಗ ನೀವು ಇರ್ಬೇಕು.”

“ನನಗೂ ಹೆದರಿಕೆ ಉಂಟಲ್ಲ ಎಮಿಲ್ಡಾ,” ಎಂದರು ಬೊನಿಫಾಸರು. “ಮತ್ತೆ ನನ್ನ ಹತ್ತಿರ ಯಾರು ಇರ್ತಾರೆ?”

ಎಮಿಲ್ಡಾಬಾಯಿ ಕೆಲಸಕ್ಕೆ ತೊಡಗಿದರು. ಗಂಡನ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿ, ಗಾಳಿ ತುಂಬಿ, ಅಂಕಿ ನೋಡಿ, ತುಟಿ ಬಿಗಿದರು. ಒಲೆಯ ಮೇಲಿದ್ದ ಬಫಾತಿನ ಪಾತ್ರೆಯನ್ನು ಎತ್ತಿ ಸೀದಾ ಮೆಟ್ಟಿಲಿಳಿದು ಕೆಳಗಿನ ಮನೆಯವರಿಗೆ ಕೊಟ್ಟು ಬಂದರು. ಮಧ್ಯಾಹ್ನ ಬೊನಿಫಾಸರ ಮುಂದೆ ಒಂದು ತಟ್ಟೆ ಬಂತು. ಅದರಲ್ಲಿ ಬೇಯಿಸಿದ ಹೂಕೋಸು, ಬೇಯಿಸಿದ ಕ್ಯಾರೆಟ್ಟು, ಒಂದು ತುಂಡು ಬೇಯಿಸಿದ ಮೀನು.

ಅವರು ಒಂದು ತುತ್ತು ಬಾಯಿಗಿಟ್ಟು, ಮೇಜಿನ ಮೇಲೆ ಅತ್ತ ಇತ್ತ ಹುಡುಕಿದರು.

“ಉಪ್ಪು ಎಲ್ಲಿ?”

“ತೊಂಬತ್ತೇಳರ ಮೇಲೆ ಹಾಕಿಕೊಳ್ಳಿ,” ಎಂದರು ಎಮಿಲ್ಡಾಬಾಯಿ.